ಗರ್ಭದ ವಾರ ಎಣಿಸುವ ಚಕ್ರ: ಕಾನೂನಿನ ಗಡುವಿಗೆ ಇದನ್ನು ನಂಬಬಹುದೇ?

ಎರಡು ರಟ್ಟಿನ ಬಿಲ್ಲೆ, ನಡುವೆ ಒಂದು ಗುಂಡಿ. ಬಾಣದ ಗುರುತನ್ನು ಕೊನೆಯ ಮುಟ್ಟಿನ ಮೊದಲ ದಿನಕ್ಕೆ ತಂದು, ಇಂದಿನ ತಾರೀಕಿನೆದುರು ಓದಿದರೆ ಎಷ್ಟು ವಾರವೆಂದು ತಿಳಿಯುತ್ತದೆ. ಮಾಮೂಲಿ ತಪಾಸಣೆಗೆ ಇಷ್ಟು ಸಾಕು. ಗರ್ಭಪಾತದ ಗಡುವಿನ ಪ್ರಶ್ನೆ ಬಂದಾಗ ಸಾಲದು.

ಗುಂಡಿ ಸಡಿಲವಾದರೆ ಬಿಲ್ಲೆ ಒಂದೆರಡು ದಿನ ಜಾರುತ್ತದೆ. ಅದು ಸಣ್ಣ ದೋಷ. ದೊಡ್ಡದು, 28 ದಿನಗಳ ಋತುಚಕ್ರದ ಊಹೆ. 35 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆ ಸುಮಾರು 7 ದಿನ ತಡ. ಹಾಗಾಗಿ ಚಕ್ರ ಒಂದು ವಾರ ಹೆಚ್ಚು ತೋರಿಸುತ್ತದೆ. ಗರ್ಭ ನಿಂತ ಹೊಸತರಲ್ಲಿ ಕಾಣುವ ಅಲ್ಪ ರಕ್ತಸ್ರಾವವನ್ನು ಮುಟ್ಟೆಂದು ಎಣಿಸಿದರೆ ಉಲ್ಟಾ: ಮೂರು-ನಾಲ್ಕು ವಾರ ಕಡಿಮೆ.

ಕಾನೂನುಗಳೂ ಒಂದೇ ಕಡೆಯಿಂದ ಎಣಿಸುವುದಿಲ್ಲ. ಫ್ರಾನ್ಸಿನ 14 ವಾರದ ಮಿತಿ ಗರ್ಭಧಾರಣೆಯಿಂದ; ಮುಟ್ಟಿನಿಂದ ಎಣಿಸುವ ಈ ಚಕ್ರದಲ್ಲಿ ಅದು 16. ಮಿತಿ 12 ಇರಲಿ, 24 ಇರಲಿ ಎಂದು ಜಗಳವಾಡುವವರು ಎಣಿಕೆ ಎಲ್ಲಿಂದ ಶುರು ಎಂಬುದನ್ನೇ ಹೇಳದಿರುವುದು ಸೋಜಿಗ.

14 ವಾರದೊಳಗಿನ ಸ್ಕ್ಯಾನ್‌ನಲ್ಲಿ ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಉದ್ದ ಅಳೆದರೆ 5ರಿಂದ 7 ದಿನಗಳಷ್ಟೇ ಹೆಚ್ಚುಕಡಿಮೆ. 22 ವಾರ ದಾಟಿದ ಮೇಲೆ ಮೊದಲ ಸ್ಕ್ಯಾನ್ ಮಾಡಿಸಿದರೆ ಅದೂ ಎರಡು ವಾರ ಆಚೀಚೆ ಆಗಬಹುದು. ವರದಿಯಲ್ಲಿ ಮೊದಲ ಸ್ಕ್ಯಾನ್‌ನ ತಾರೀಕು, ಮಿಲಿಮೀಟರ್ ಅಳತೆ, ವಾರದ ಜೊತೆ ದಿನವೂ ಇದೆಯೇ ನೋಡಿಕೊಳ್ಳಿ. ಬರೀ ‘20 ವಾರ’ ಎಂದರೆ 20 ವಾರ 6 ದಿನವೂ ಆಗಿರಬಹುದು.

ಚಕ್ರಕ್ಕೆ 5ರಲ್ಲಿ 2 ಅಂಕ.