ಮೈಯ ಸಂವೇದನೆ, ಭಾವನೆ, ಅನಿಸಿಕೆ: ಮೊದಲು ಯಾವುದನ್ನು ಗಮನಿಸಬೇಕು?

ಮನಸ್ಸು ಕೆಟ್ಟಾಗ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಮೂರು ದಾರಿ ಇವೆ.

ಎದೆ ಡವಡವ ಅನ್ನುವುದು, ಅಂಗೈ ಬೆವರುವುದು ಮೈಯ ಸಂವೇದನೆ. ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ಆದರೆ ಅದು ಕಾರಣ ಹೇಳುವುದಿಲ್ಲ. ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತದೆ, ಹೆದರಿದರೂ ಅಷ್ಟೇ.

ಭಯ, ಸಿಟ್ಟು, ದುಃಖ ಭಾವನೆಗಳು. ಕರೆಯದೇ ಬರುತ್ತವೆ. ಹೆದರಿದಾಗ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಉಸಿರು ಜೋರಾಗುತ್ತದೆ, ಓಡಲೋ ಎದುರಿಸಲೋ ಮೈ ತಯಾರಾಗುತ್ತದೆ. ಮೈ ಮೊದಲು ಬದಲಾಗುತ್ತದೆ, ಅದರ ಅರಿವೇ ಭಾವನೆ ಅಂತ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲೇ ವಾದಿಸಿದ್ದರು. ಮೈ ಮೊದಲೋ ಭಾವನೆ ಮೊದಲೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ ಬಿಡಿ.

ಇಲ್ಲಿ ಅನಿಸಿಕೆ ಅಂದರೆ ಅಭಿಪ್ರಾಯ ಅಲ್ಲ, ಒಳಗಿನ ಅನುಭವ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಭಾವನೆ ಹೊರಗೆ ಕಾಣುತ್ತದೆ, ಅನಿಸಿಕೆ ಅವರವರಿಗಷ್ಟೇ ಗೊತ್ತು ಅಂತ ಬೇರೆ ಮಾಡುತ್ತಾರೆ. ಎಡವುವುದು ಇಲ್ಲೇ ಜಾಸ್ತಿ. “ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಅನಿಸ್ತು” ಅನ್ನುತ್ತೇವೆ. ಅದು ಇನ್ನೊಬ್ಬರ ಬಗ್ಗೆ ನಾವು ಕೊಟ್ಟ ತೀರ್ಪು. ಅನಿಸಿದ್ದು ಅದರ ಅಡಿಯಲ್ಲಿದೆ: ಬೇಜಾರು, ಒಂಟಿತನ, ಕೆಲವೊಮ್ಮೆ ನಾಚಿಕೆ.

ಹಾಗಾದರೆ ಆಯ್ಕೆ? ತಲೆ ಬಿಸಿಯಾಗಿದ್ದರೆ ಮೈಯಿಂದಲೇ ಶುರು ಮಾಡಿ. ಆಗ ಕಾರಣ ಹುಡುಕಿದರೆ ಸುಮ್ನೆ ಕಥೆ ಬೆಳೆಯುತ್ತದೆ. ಯಾರ ಜೊತೆಗಾದರೂ ಮಾತಾಡಬೇಕಿದ್ದರೆ ಭಾವನೆಗೆ ಹೆಸರಿಡಿ, “ಸಿಟ್ಟು ಬಂದಿದೆ” ಅಂದರೆ ಸಾಕು. ದಿನಗಟ್ಟಲೆ ಮಂಕು ಕವಿದಿದ್ದರೆ ಅನಿಸಿಕೆಯನ್ನು ಬಿಡಿಸಿ ಬರೆಯಿರಿ. ಆದರೆ ಎದೆನೋವು ತೋಳಿಗೋ ದವಡೆಗೋ ಹರಡಿದರೆ ಇದ್ಯಾವುದೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.