ಬೀದರ್ ಕೋಟೆಯಲ್ಲಿ ಹ್ಯಾಮ್ ರೇಡಿಯೊ: 40 ಮೀಟರ್ ಬ್ಯಾಂಡೋ, 2 ಮೀಟರ್ ಬ್ಯಾಂಡೋ?

ಬೀದರ್ ಕೋಟೆಯ ಹಳೆಯ ಹಮಾಮಿನಲ್ಲಿರುವ (ಸ್ನಾನಗೃಹದಲ್ಲಿರುವ) ಸಂಗ್ರಹಾಲಯದಲ್ಲಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳ ರೇಡಿಯೊ ಸಂಪರ್ಕದ ಪ್ರಾತ್ಯಕ್ಷಿಕೆ ಏರ್ಪಡಿಸುವವರು ಮೊದಲು ಬ್ಯಾಂಡ್ (ಬಳಸುವ ಆವರ್ತನಗಳ ಪಟ್ಟಿ) ಯಾವುದೆಂದು ನಿರ್ಧರಿಸಬೇಕು. 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡಿನ ಅಲೆಗಳು ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಹಿಂದಿರುಗುವುದರಿಂದ ಹಗಲಿನಲ್ಲೇ ಬೆಂಗಳೂರಿನವರೊಡನೆ ಮಾತನಾಡಬಹುದು. ಆದರೆ ಅದಕ್ಕೆ ಸುಮಾರು 20 ಮೀಟರ್ ಉದ್ದದ ಡೈಪೋಲ್ ಆಂಟೆನಾ ತಂತಿಯನ್ನು ಹೊರಗೆ ಕಟ್ಟಬೇಕಾಗುತ್ತದೆ, ಮತ್ತು ಸಂರಕ್ಷಿತ ಸ್ಮಾರಕದ ಗೋಡೆಗೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ, ಅನುಮತಿ ಪಡೆದ ಮೇಲೂ, ಬುಡಕ್ಕೆ ಮರಳುಚೀಲ ಪೇರಿಸಿದ ಕಂಬಗಳೇ ಗತಿ. 144 ಮೆಗಾಹರ್ಟ್ಸ್‌ನ 2 ಮೀಟರ್ ಬ್ಯಾಂಡಿಗೆ ಅರ್ಧ ಮೀಟರಿನ ಕಡ್ಡಿ ಸಾಕು. ಆದರೆ ದಪ್ಪ ಕಲ್ಲುಗೋಡೆಗಳ ಒಳಗೆ ಅದು ಸೊರಗುತ್ತದೆ. ಗರಗರ ಸದ್ದಿನ ನಡುವೆ ದೂರದೂರಿನ ದನಿ ಮೂಡಿದಾಗ ಮಕ್ಕಳು ಸ್ಪೀಕರಿನತ್ತ ಬಾಗುವುದನ್ನು ನೆನೆದರೆ, ಶ್ರಮ ಹೆಚ್ಚಾದರೂ ನನ್ನ ಮತ 40 ಮೀಟರಿಗೇ. ಯಾವುದನ್ನು ಆರಿಸಿದರೂ ಪರವಾನಗಿ ಪಡೆದ ಆಪರೇಟರ್ ಸೆಟ್ಟಿನ ಮುಂದೆ ಇರಲೇಬೇಕು.