ಸಿಸ್ಟರ್‌ಗಳಿಗೆ ಕ್ಯಾಥೆಟರ್ ತರಬೇತಿ: ಬಲೂನಿನ ಪಾಠ ಚೆನ್ನಾಗಿದೆ, ಡಮ್ಮಿ ಸುಮಾರು

ನಮ್ಮ ಸರ್ಜರಿ ವಾರ್ಡಿನ ಸಿಸ್ಟರ್‌ಗಳಿಗೆ ಮೂತ್ರದ ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ಕೊಳವೆ) ಹಾಕುವ ತರಬೇತಿ ಕೊಡಿಸಿದರು. ಹೊರಗಿನ ಸಂಸ್ಥೆಯವರು ಬಂದು ಅರ್ಧ ದಿನ ನಡೆಸಿದರು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಶುರುವಿನಲ್ಲಿ ಸ್ಲೈಡ್‌ಗಳು. ಕೈ ತೊಳೆಯುವುದು, ಸ್ಟೆರೈಲ್ ಗ್ಲೌಸ್, ಎಲ್ಲ ಗೊತ್ತಿದ್ದದ್ದೇ. ಸುಮ್ನೆ ಎಳೆದರು.

ದುಡ್ಡಿಗೆ ಮೋಸ ಇಲ್ಲ ಅನ್ನಿಸಿದ್ದು ಬಲೂನಿನ ಪಾಠದಲ್ಲಿ. ಬಲೂನ್ ಅಂದರೆ ಕ್ಯಾಥೆಟರ್ ಜಾರಿ ಹೊರಬರದಂತೆ ಮೂತ್ರಕೋಶದೊಳಗೆ ಉಬ್ಬಿಸುವ ಭಾಗ. ಒಳಗೆಲ್ಲ ಕಾಣುವ ಡಮ್ಮಿ ಇಟ್ಟುಕೊಂಡು, ಮೂತ್ರ ಬಂದ ಕೂಡಲೇ ಬಲೂನ್ ಉಬ್ಬಿಸಿದರೆ ಏನಾಗುತ್ತದೆ ಅಂತ ತೋರಿಸಿದರು. ಮೂತ್ರ ಒಳಹೋಗುವ ತೂತು ಕ್ಯಾಥೆಟರ್ ತುದಿಯಲ್ಲಿದೆ, ಬಲೂನ್ ಅದರ ಹಿಂದಿದೆ, ಹಾಗಾಗಿ ತುದಿ ಮೂತ್ರಕೋಶ ಮುಟ್ಟಿದರೂ ಬಲೂನ್ ಇನ್ನೂ ಮೂತ್ರನಾಳದಲ್ಲೇ ಇರಬಹುದು, ಅಲ್ಲೇ ಉಬ್ಬಿದರೆ ನಾಳ ಹರಿದು ರಕ್ತ ಬರುತ್ತದೆ, ಆ ಗಾಯ ಮಾಗುವಾಗ ನಾಳ ಕಿರಿದಾಗಿ ಮುಂದೆ ಮತ್ತೊಂದು ಆಪರೇಷನ್ನಿಗೂ ದಾರಿಯಾಗಬಹುದು. ಗಂಡಸರ ನಾಳ ಸುಮಾರು 20 ಸೆಂ.ಮೀ. ಉದ್ದ, ಹೆಂಗಸರದ್ದು 4 ಸೆಂ.ಮೀ. ಆಸುಪಾಸು. ಗಂಡಸರಿಗೆ ಹಾಕುವಾಗ, ಕ್ಯಾಥೆಟರಿನ ಹೊರತುದಿ ಎರಡಾಗಿ ಕವಲೊಡೆಯುವ ಜಾಗದ ತನಕ ಅದನ್ನು ಒಳಗೆ ಸರಿಸಬೇಕು. ಹಾಗೆ ಸರಿಸಿ, ಮೂತ್ರ ಹರಿಯುವುದು ಕಂಡ ಮೇಲೇ ಬಲೂನಿಗೆ 10 ಎಂ.ಎಲ್. ಸ್ಟೆರೈಲ್ ವಾಟರ್. ಸಿರಿಂಜ್ ಬಿಗಿಯಾದರೆ ಅಲ್ಲೇ ನಿಲ್ಲಿಸಬೇಕು. ಎಚ್ಚರ ಇರುವ ರೋಗಿ ನೋವಾದರೆ ಕಿರುಚುತ್ತಾನೆ, ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಟ್ಟವನು ಕಿರುಚಲ್ಲ ಅಲ್ವಾ? ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್‌ಗಳು ಇಲ್ಲಿ ತಲೆ ಎತ್ತಿ ಕೇಳಿದರು.

ಕ್ಯಾಥೆಟರ್ ಜಾರಲಿ, ನೋವು ಕಡಿಮೆಯಾಗಲಿ ಅಂತ ಹಾಕುವ ಜೆಲ್ಲಿಯ ಮಾತೂ ಚೆನ್ನಾಗಿತ್ತು. ತುದಿಗೆ ಸವರಿ ತಳ್ಳುವುದಲ್ಲ, ನಾಳದೊಳಗೇ ಬಿಟ್ಟು ನಾಲ್ಕೈದು ನಿಮಿಷ ಕಾಯಿರಿ ಅಂದರು. ಕೇಸಿನ ಮೇಲೆ ಕೇಸು ಬರುವ ದಿನ ಯಾರು ಕಾಯುತ್ತಾರೋ ಗೊತ್ತಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಡಮ್ಮಿಯಿಂದ. ಅದರಲ್ಲಿ ಕ್ಯಾಥೆಟರ್ ಸರ್ರಂತ ಹೋಗುತ್ತದೆ. ಪ್ರಾಸ್ಟೇಟ್ ದಪ್ಪಗಾದ ಅಜ್ಜನಿಗೆ ಹಾಕುವಾಗ ಎಲ್ಲಿ ತಡೆಯುತ್ತದೆ, ಯಾವಾಗ ಕೈ ಬಿಡಬೇಕು ಅನ್ನುವುದು ಅದರಿಂದ ಬರಲ್ಲ. "ಜೋರು ಮಾಡಬೇಡಿ, ಯೂರಾಲಜಿಸ್ಟ್ ಕರೆಯಿರಿ" ಅಂತ ಬಾಯಲ್ಲಿ ಹೇಳಿದರು ಅಷ್ಟೇ. ಇಂಥ ಅಜ್ಜಂದಿರಿಗೆ ಬಳಸುವ, ತುದಿ ಬಾಗಿದ 'ಕೂಡೇ' (Coudé) ಕ್ಯಾಥೆಟರ್ ಫೋಟೋದಲ್ಲಿ ಮಾತ್ರ ಕಂಡಿತು.

ತೆಗೆಯುವ ಪಾಠವನ್ನೂ ಓಡಿಸಿದರು. ಅರಿವಳಿಕೆ ಇಳಿಯುವಾಗ ಗೊಂದಲದಲ್ಲಿ ಬಲೂನ್ ಸಮೇತ ಕಿತ್ತುಕೊಳ್ಳುವ ರೋಗಿಗಳು ನಮ್ಮಲ್ಲಿ ಜಾಸ್ತಿ. ತೊಡೆಗೆ ಹೇಗೆ ಅಂಟಿಸಬೇಕು ಅಂತ ಕೇಳಿದಾಗಲೇ ತೋರಿಸಿದ್ದು.

ಕರೆಸುವವರು ಚಿಕ್ಕ ಬ್ಯಾಚ್ ಕೇಳಿ, ಕೂಡೇ ಕ್ಯಾಥೆಟರ್ ತರಲು ಮೊದಲೇ ಹೇಳಿಡಿ. ನಮ್ಮ ಬ್ಯಾಚಿನಲ್ಲಿ ಹಿಂದೆ ನಿಂತವರಿಗೆ ಡಮ್ಮಿ ಮುಟ್ಟುವ ಸರದಿಯೇ ಬರಲಿಲ್ಲ.